ನೀಲತ್ತಿಯ ಕಿವಿ

ನೀಲತ್ತಿಯ ಎದುರು ಕುಳಿತು ಮೂರು ನಿಮಿಷಕ್ಕಿಂತ ಹೆಚ್ಚು ಗೋಳು ಹೇಳಿಕೊಂಡವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಅವಳು ಗಡಿಯಾರ ನೋಡುತ್ತಿರಲಿಲ್ಲ. ಮಂಡಿನೋವಿರಲಿ, ಸೊಸೆಯ ದೂರಿರಲಿ, ಮಗನಿಗೆ ಎಲ್ಲಿಯೂ ಕನ್ಯೆ ಕೂಡಿಬರದ ಕಥೆಯಿರಲಿ, ಹೇಳುವವರು ಹೇಳಿದ್ದನ್ನೇ ಮತ್ತೆ ಹೇಳಲು ಶುರು ಮಾಡಿದೊಡನೆ ಕೈ ಮೇಲೆತ್ತಿ, ಅರ್ಧ ಮೂಗಿನಿಂದ ಬರುವ ತನ್ನ ಹಳೆಯ ಆಫೀಸಿನ ದನಿಯಲ್ಲಿ, "ಮೂರು ಮಿನಿಟ ಆತ್ರಿ. ಮುಂದುವರಸ್ತೀರೋ, ಕಟ್ ಮಾಡ್ಲ್ಯೋ?" ಎಂದು ಕೇಳುತ್ತಿದ್ದಳು. ಅಳುತ್ತಿದ್ದವರೂ ನಕ್ಕುಬಿಡುತ್ತಿದ್ದರು. ನಗದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದಳು.

ನೀಲತ್ತಿ ನಮ್ಮ ಅಪ್ಪನ ಅಕ್ಕ. ಹುಬ್ಬಳ್ಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್ ಆಗಿ ಸೇರಿದವಳು, ಆ ಬೋರ್ಡುಗಳೆಲ್ಲ ಗುಜರಿಗೆ ಹೋದ ಮೇಲೂ ಅದೇ ಇಲಾಖೆಯಲ್ಲಿದ್ದು ನಿವೃತ್ತಳಾದಳು. ಬೇರೆ ಊರಿಗೆ ಮಾತಾಡಬೇಕೆಂದರೆ ಮೊದಲು ಕಾಲ್ ಬುಕ್ ಮಾಡಬೇಕು, ಲೈನು ಸಿಗುವವರೆಗೆ ಕಾಯಬೇಕು, ಸಿಕ್ಕ ಮೇಲೆ ಮೂರು ನಿಮಿಷಕ್ಕೊಮ್ಮೆ ಆಪರೇಟರ್ ನಡುವೆ ಬಂದು ಕೇಳುತ್ತಾಳೆ ಎಂಬುದನ್ನೆಲ್ಲ ಅವಳು ಬಳಗದ ಹುಡುಗರಿಗೆ ಹೇಳುವಾಗ ನಾವು ದೊಡ್ಡವರೂ ಕಿವಿಗೊಡುತ್ತಿದ್ದೆವು. ಅವಸರದವರಿಗೆ ಅರ್ಜಂಟ್ ಕಾಲ್. ಅದಕ್ಕೂ ಮೇಲಿನದು ಲೈಟ್ನಿಂಗ್ ಕಾಲ್.

"ಲೈಟ್ನಿಂಗ್ ಅಂದ್ರ ಮಿಂಚು. ಜೀವಾ ಹೋಗೂ ಹೊತ್ತಿನ್ಯಾಗ ಮಾಡೂದದು," ಎನ್ನುತ್ತಿದ್ದಳು. "ಅದು ಬಂತಂದ್ರ ಲೈನಿನ ಮ್ಯಾಲೆ ಯಾರರ ಇರ್ಲಿ, ಏನರ ಮಾತಾಡ್ಲಿ, ಕಟ್! ಒಮ್ಮೆ ಒಬ್ಬ ಹತ್ತಿ-ಅರಳಿ ವ್ಯಾಪಾರಿ ಮುಂಬಯಿಗೆ ರೇಟ್ ಕೇಳಾಕತ್ತಿದ್ದ. ಗದಗಿನಿಂದ ಲೈಟ್ನಿಂಗ್ ಬಂತು, ಇವನ್ನ ಕಟ್ ಮಾಡಿದೆ. ಮರುದಿನ ಆಫೀಸಿಗೇ ಬಂದ, ತಲಿಗೆ ಪಟಕಾ ಸುತ್ತಿಕೊಂಡು. ‘ಯಾರಕಿ ಆಕಿ, ನನ್ನ ಮಾತು ಕಡದಾಕಿ?’ ಅಂದ. ನಾನs ಎದ್ದು ನಿಂತು ಅಂದೆ, ‘ಸಾವಕಾರ್ರ, ನಿಮ್ಮ ಅರಳಿ ನಾಳೇನೂ ಮಾರತೈತಿ. ಆ ಕಡೆ ಮನಿಷ್ಯಾ ನಾಳೆ ಇರತಿದ್ದಿಲ್ಲ.’"

"ಅವ ಏನಂದ ಅತ್ತಿ?"

"ಏನಂದಾನು? ದೀಪಾವಳಿಗೆ ಫೇಡೆ ಕಳಿಸಿದ."

ಕಮರಿಪೇಟೆಯ ಓಣಿಯೊಂದರಲ್ಲಿ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು ಬದುಕು ಕಳೆದಳು. ಕಣ್ಣಿಗೆ ಕನ್ನಡಕ ಬಂದಿತ್ತು, ಮಂಡಿಗೆ ಪಟ್ಟಿ ಬಂದಿತ್ತು, ಕಿವಿ ಮಾತ್ರ ಇಲಾಖೆಗೆ ಸೇರಿದ ದಿನ ಹೇಗಿತ್ತೋ ಹಾಗೇ ಇತ್ತು. ಕೆಳಗಿನ ಮೆಟ್ಟಿಲು ತುಳಿಯುವಷ್ಟರಲ್ಲಿ ಮೇಲಿನಿಂದ ಕೂಗುವಳು: "ಸುಧಾ, ಚಪ್ಪಲಿ ಬಾರು ಕಿತ್ತಂಗೈತಿ, ನೋಡಿಕೋತ ಹತ್ತು." ನಾನು ಬಗ್ಗಿ ನೋಡಿದರೆ ಬಾರು ನಿಜಕ್ಕೂ ಕಿತ್ತಿರುತ್ತಿತ್ತು. ಫೋನಿನಲ್ಲಿ ನಾನು "ಅರಾಮ ಅದೇನಿ ಅತ್ತಿ" ಎಂದರೆ, "ಅರಾಮ ಇದ್ದವರ ದನಿ ಹಿಂಗ ಇರಂಗಿಲ್ಲ. ಬ್ಯಾಂಕಿನ್ಯಾಗ ಏನರ ಆತೇನು?" ಎಂದು ಕೇಳುವಳು. ಅವಳ ಮುಂದೆ ಸುಳ್ಳು ಹೇಳುವುದು ದಂಡ.

ಅವಳು ಮದುವೆಯಾಗಲಿಲ್ಲ. ನಮ್ಮ ಅಜ್ಜಿ ಎಂಟು ಹೆತ್ತು ಐವರನ್ನು ಉಳಿಸಿಕೊಂಡವಳು. ಆ ಐವರಲ್ಲಿ ನೀಲತ್ತಿಯೇ ಹಿರಿಯಳು. ಅಜ್ಜ ಅಕಾಲದಲ್ಲಿ ತೀರಿಕೊಂಡಾಗ ಅವಳ ಕೈಗೆ ಹೊಸದಾಗಿ ನೌಕರಿ ಬಂದಿತ್ತು. ತಮ್ಮನ ಓದು ಮುಗಿಯಲಿ, ತಂಗಿಯದೊಂದು ಆಗಲಿ, ಇನ್ನೊಬ್ಬಳದಾಗಲಿ ಎನ್ನುತ್ತ ಪ್ರತಿ ವರ್ಷವೂ ಅವಳ ಮದುವೆ ಬರುವ ವರ್ಷಕ್ಕೆ ಹೋಯಿತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ದೊಡ್ಡವಳಾದ ಮೇಲೆ ನಾನೇ ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ಅವಳು ಅವರೆಕಾಳು ಸುಲಿಯುವುದನ್ನು ನಿಲ್ಲಿಸದೆ ಹೇಳಿದ್ದಳು: "ಬುಕ್ ಆಗಿತ್ತವಾ. ಲೈನ್ ಸಿಗಲಿಲ್ಲ."

ಅವಳ ತಂಗಿಯರಿಗೆ ಮೂರು ಮೂರು ಮಕ್ಕಳು. ನಮ್ಮ ಅವ್ವ ಎರಡಕ್ಕೆ ನಿಲ್ಲಿಸಿದಳು, ಅಕ್ಕ ಶೈಲಾ ಮತ್ತು ನಾನು. ನಮ್ಮ ಸರದಿ ಬರುವಷ್ಟರಲ್ಲಿ ಮನೆಯಲ್ಲಿ ಮಗುವಿನ ಅಳು ಕೇಳಿ ಯಾವ ಕಾಲವಾಗಿತ್ತೋ. ಅಜ್ಜಿಯ ಬಣ್ಣದ ತೊಟ್ಟಿಲು ನಮ್ಮ ಧಾರವಾಡದ ಮನೆಯ ಅಟ್ಟದ ಮೇಲೆ ಹಳೆಯ ಹಾಸಿಗೆಗಳ ಅಡಿಯಲ್ಲಿ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ನೀಲತ್ತಿ, "ನಮ್ಮವ್ವನ ಕಾಲದಾಗ ಈ ತೊಟ್ಲ ಹಗ್ಗಾ ಬಿಚ್ಚಾಕ ಪುರಸತ್ತs ಇರಲಿಲ್ಲ. ಈಗ ನೋಡು, ಪೆನ್ಶನ್ ತಗೊಂಡು ಮ್ಯಾಲೆ ಕುಂತೈತಿ," ಎನ್ನುತ್ತಿದ್ದಳು. ಅವ್ವ ಆ ಮಾತಿಗೆ ನಗುತ್ತಿರಲಿಲ್ಲ.

ಶೈಲಕ್ಕ ಎಂ.ಎಸ್ಸಿ. ಮಾಡಿದಳು, ಪಿಎಚ್.ಡಿ. ಮಾಡಿದಳು, ಕಾಯಂ ಅಲ್ಲದ ಉಪನ್ಯಾಸಕಿಯಾಗಿ ಕಾಲೇಜಿನಿಂದ ಕಾಲೇಜಿಗೆ ಅಲೆದಳು. ನೌಕರಿ ಕಾಯಂ ಆಗಲಿ ಆಮೇಲೆ ಮದುವೆ ಎಂದಳು. ಕಾಯಂ ಆಗುವಷ್ಟರಲ್ಲಿ ಬರುವ ವರಗಳ ಮಾತಿನ ಧಾಟಿ ಬದಲಾಗಿತ್ತು. ಒಮ್ಮೆ ಹುಡುಗನ ಕಾಕಾ ಒಬ್ಬರು ನಮ್ಮ ಪಡಸಾಲೆಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತ ಅಕ್ಕನ ವಯಸ್ಸಿನ ಬಗ್ಗೆ ಪ್ರವಚನವನ್ನೇ ಶುರು ಮಾಡಿದರು. "ಹುಡುಗಿ ಛಲೋ ಅದಾಳ್ರಿ, ಇಲ್ಲನ್ನಂಗಿಲ್ಲ. ಆದ್ರ ವಯಸ್ಸು ಜರಾ ಹೆಚ್ಚಾತು. ಮುಂದ ಮಕ್ಕಳು ಮರಿ ಅಂದ್ರ ತ್ರಾಸ ಆಗತೈತಿ..." ಹಾಗೆಂದು ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳಲು ಹೊರಟರು. ಅಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ನೀಲತ್ತಿ ಬಾಗಿಲಲ್ಲಿ ನಿಂತು ಕೈ ಎತ್ತಿದಳು.

"ಮೂರು ಮಿನಿಟ ಆತ್ರಿ ಕಾಕಾರ. ಅಂದಂಗ ನಿಮ್ಮ ಹುಡುಗನ ವಯಸ್ಸೆಷ್ಟು?"

ಕಾಕಾ ತಡವರಿಸಿದರು. ಹುಡುಗನಿಗೆ ಅಕ್ಕನಿಗಿಂತ ಆರು ವರ್ಷ ಹೆಚ್ಚಾಗಿತ್ತು. ನೀಲತ್ತಿ ಅವರ ಕೈಯಿಂದ ಖಾಲಿ ತಾಟು ತೆಗೆದುಕೊಂಡು, "ಹಂಗಾರ ಎರಡೂ ಕಡೆ ಲೈನ್ ಹಳೇವು. ಹೆಣ್ಣಿಂದಷ್ಟs ಯಾಕ ಗುರುಗುಟ್ಟತೈತಿ?" ಎಂದಳು. ಆ ಸಂಬಂಧ ಅಲ್ಲಿಗೇ ಮುಗಿಯಿತು. ಅವ್ವ ಎರಡು ದಿನ ನೀಲತ್ತಿಯೊಡನೆ ಮಾತು ಬಿಟ್ಟಳು. ಅಕ್ಕ ಮಾತ್ರ ಅವತ್ತು ಸಂಜೆ ಅವಳ ತೊಡೆಯ ಮೇಲೆ ತಲೆಯಿಟ್ಟು ಬಹಳ ಹೊತ್ತು ಮಲಗಿದ್ದಳು.

ಕಡೆಗೆ ಅಕ್ಕನ ಕೈ ಹಿಡಿದವನು ಉಪ್ಪಿನಬೆಟಗೇರಿಯ ಮಹಾಂತೇಶ ಭಾವ. ಹೆಬ್ಬಳ್ಳಿಯ ಹೈಸ್ಕೂಲಿನಲ್ಲಿ ಮಾಸ್ತರು, ಅವನೂ ನಲವತ್ತರ ಹತ್ತಿರ ಬಂದವನು. ಈಗ ನಮ್ಮ ಕಡೆಯ ಊರುಗಳಲ್ಲಿ ಹೊಲಮನೆ ಇದ್ದ ಗಂಡುಗಳಿಗೂ ಕನ್ಯೆ ಸಿಗುವುದು ಕಷ್ಟವಾಗಿದೆ. ಅವನ ತಾಯಿ ಬಸವ್ವ ಮಗನಿಗಾಗಿ ದೇವರ ಮೇಲೆ ದೇವರಿಗೆ ಹರಕೆ ಹೊತ್ತು ದಣಿದಿದ್ದರು. ಮದುವೆಯಲ್ಲಿ ಅಕ್ಕನಿಗೆ ಮೂವತ್ತನಾಲ್ಕು. ಮುಂದಿನ ವರ್ಷಗಳು ಆಸ್ಪತ್ರೆ, ಸೂಜಿ, ಗುಳಿಗೆಗಳಲ್ಲಿ ಹೋದವು. ಆ ವರ್ಷಗಳಲ್ಲಿ ಯಾವ ಮದುವೆ, ಯಾವ ಗೃಹಪ್ರವೇಶಕ್ಕೆ ಹೋದರೂ ಹೆಂಗಸರು ಅಕ್ಕನ ಹೊಟ್ಟೆಯತ್ತ ನೋಡಿಯೇ "ಏನರ ವಿಶೇಷ ಐತೇನವಾ?" ಎಂದು ಕೇಳುತ್ತಿದ್ದರು. ನೀಲತ್ತಿ ಒಂದು ಸಲವೂ ಕೇಳಲಿಲ್ಲ. "ಊಟಾ ಆತೇನು?" ಎನ್ನುವಳು, ಅಷ್ಟೇ. ಹೀಗಾಗಿ ಗರ್ಭ ನಿಂತ ಸುದ್ದಿಯನ್ನು ಅಕ್ಕ ಭಾವನ ಬಳಿಕ ಮೊದಲು ಹೇಳಿದ್ದು ಅವಳಿಗೇ. ಆಗ ಅಕ್ಕನಿಗೆ ಮೂವತ್ತೆಂಟು.

ಏಳು ತಿಂಗಳು ತುಂಬುತ್ತಲೇ ನಮ್ಮ ಮನೆಯಲ್ಲಿ ಕುಬಸ ಇಟ್ಟುಕೊಂಡೆವು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ ಆರತಿ ಮಾಡುವ ಈ ದಿನಕ್ಕಾಗಿ ಅವ್ವ ಕಾದದ್ದು ಅಷ್ಟಿಷ್ಟಲ್ಲ. ಎರಡೂ ಮಂಡಿಗೆ ಶಸ್ತ್ರಕ್ರಿಯೆಯಾದವಳು ಗೋಡೆ ಹಿಡಿದು ಓಡಾಡಿ ಕಡಬು, ಹೋಳಿಗೆಗಳ ಮೇಲ್ವಿಚಾರಣೆ ಮಾಡಿದಳು. ಹಿಂದಿನ ಸಂಜೆಯೇ ಬಳೆಗಾರ ಬಂದು ಅಕ್ಕನ ಎರಡೂ ಕೈತುಂಬ ಗಾಜಿನ ಬಳೆ ಇಟ್ಟು ಹೋಗಿದ್ದ. ಹೆರಿಗೆಯಾಗುವವರೆಗೆ ಅವನ್ನು ತೆಗೆಯುವಂತಿಲ್ಲ. ಅಕ್ಕ ಮನೆಯೊಳಗೆ ಎಲ್ಲಿ ಓಡಾಡಿದರೂ ಝಲ್ ಝಲ್ ಎನ್ನುತ್ತಿತ್ತು. ಒಳಗಿನ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದ ನೀಲತ್ತಿ, "ಎಷ್ಟು ಛಂದ ಸಪ್ಪಳ. ಆಕಿ ಎಲ್ಲದಾಳಂತ ಎದ್ದು ನೋಡೂದು ಬ್ಯಾಡ," ಎಂದಳು.

ಮರುದಿನ ಉಪ್ಪಿನಬೆಟಗೇರಿಯಿಂದ ಒಂದು ಟೆಂಪೊ ತುಂಬ ಹೆಂಗಸರು ಬಂದಿಳಿದರು. ಪಡಸಾಲೆಯ ನಡುವೆ ಮಣೆ ಹಾಕಿ ಅಕ್ಕನನ್ನು ಕೂಡಿಸಿದರು. ತಲೆಗೆ ಮಲ್ಲಿಗೆ ದಂಡೆ, ಹಸಿರು ಇಳಕಲ್ ಸೀರೆ, ಹಣೆತುಂಬ ಕುಂಕುಮ. ಮುತ್ತೈದೆಯರು ಸುತ್ತ ಕೂತರು. ನೀಲತ್ತಿ ಎಂದಿನಂತೆ ಅಡುಗೆಮನೆಯ ಬಾಗಿಲ ಬಳಿ ಚಾಪೆ ಹಾಕಿಕೊಂಡು, ಬಂದವರಿಗೆ ಕೊಡಲು ಅಡಕತ್ತರಿಯಿಂದ ಅಡಿಕೆ ಕತ್ತರಿಸುತ್ತಿದ್ದಳು. ಮದುವೆಯಾಗದವಳು ಇಂಥ ಕಾರ್ಯದಲ್ಲಿ ಮುಂದೆ ಕೂರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬಂದು ಕೂಡು ಎಂದೂ ಯಾರೂ ಅಂದಿರಲಿಲ್ಲ. ಅವಳು ಅದನ್ನು ದೊಡ್ಡ ಮಾತು ಮಾಡುತ್ತಿರಲಿಲ್ಲ.

ಹಾಡು ನಡೆದಿತ್ತು. ಒಬ್ಬೊಬ್ಬರೇ ಬಂದು ಉಡಿ ತುಂಬುತ್ತಿದ್ದರು. ಅಕ್ಕ ಸೆರಗು ಒಡ್ಡುತ್ತಿದ್ದಳು, ಕೈ ಮುಗಿಯುತ್ತಿದ್ದಳು, ನಗುತ್ತಿದ್ದಳು. ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಒಂದು ಕ್ಷಣ ಸದ್ದಡಗಿತು. ಅಡಕತ್ತರಿಯ ಸಪ್ಪಳವೂ ನಿಂತಿತು.

"ಶೈಲಾ," ಎಂದು ಬಾಗಿಲಿನಿಂದ ನೀಲತ್ತಿ ಕರೆದಳು. "ಕೈ ಅಲ್ಲಾಡ್ಸು."

ಅಕ್ಕ ನಗುತ್ತ ಎರಡೂ ಕೈ ಎತ್ತಿ ಅಲ್ಲಾಡಿಸಿದಳು. ಅಷ್ಟು ಬಳೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ.

ನಾನು ಪಕ್ಕದಲ್ಲೇ ಇದ್ದೆ. ನಿನ್ನೆ ಮಣಿಕಟ್ಟಿನಿಂದ ಮುಂಗೈವರೆಗೆ ಜಾರಾಡುತ್ತಿದ್ದ ಬಳೆಗಳು ಈಗ ಮಾಂಸದೊಳಗೆ ಕೂತಿದ್ದವು. ನಡುನಡುವೆ ಚರ್ಮ ಉಬ್ಬಿ ಬಂದಿತ್ತು. ಬೆರಳುಗಳು ಬೇರೆ ಯಾರದೋ ಬೆರಳುಗಳಂತಿದ್ದವು. ಅಲಂಕಾರ ಮಾಡುವಾಗ ಮುಖ ತುಂಬಿಕೊಂಡಿದೆ ಎಂದು ನಾವೇ ಮೆಚ್ಚಿಕೊಂಡಿದ್ದೆವು.

"ಬಸುರಿಗೆ ಬಾವು ಬರೂದು ಇದ್ದದ್ದs ಬಿಡ್ರಿ," ಎಂದರು ಬಸವ್ವ. "ನಾ ನಾಕು ಹಡದೇನಿ. ಒಂದೊಂದಕ್ಕೂ ಕೈಕಾಲು ಕುಂಬಳಕಾಯಿ ಆಗಿದ್ದುವು."

"ತಲಿ ನೋವೈತೇನು ಶೈಲಾ?" ನೀಲತ್ತಿ ಅಲ್ಲಿಂದಲೇ ಕೇಳಿದಳು.

"ಏನಿಲ್ಲತ್ತಿ. ಮುಂಜಾನೆಯಿಂದ ಜರಾ... ದೀಪಾ ಎರಡೆರಡು ಕಾಣಸ್ತಾವ. ಹೊಗಿಗೆ ಇರಬೇಕು."

ತಲೆನೋವು, ಕಣ್ಣು ಮಂಜು, ಬಾವು, ಇವುಗಳಲ್ಲಿ ಯಾವುದು ಕಂಡರೂ ಕೂತಲ್ಲಿಂದ ಎದ್ದು ಬನ್ನಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಆ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ. ಬಸವ್ವ ಸಮಾಧಾನವಾಗಿಯೇ ಉತ್ತರಿಸಿದರು: "ಕರಕೊಂಡ್ ಹೋಗೂಣವಾ, ಯಾರು ಬ್ಯಾಡಂದಾರ? ಆರತಿ ಒಂದು ಮುಗೀಲಿ. ಕುಬಸದ ಮಣಿ ಮ್ಯಾಲಿಂದ ನಡುವs ಎಬ್ಬಿಸಬಾರದು." ಅವ್ವ ನನ್ನತ್ತ ನೋಡಿ ಸುಮ್ಮನಿರೆಂದು ಕಣ್ಣು ಮಾಡಿದಳು. ಅಕ್ಕನೇ "ಇರ್ಲಿ ಸುಧಾ, ಇಷ್ಟು ಆಗೇತಿ, ಇನ್ನೇನು," ಎಂದಳು. ಇಷ್ಟು ವರ್ಷ ತಾನು ಕಾಯಿಸಿದವರನ್ನು ಇನ್ನೂ ಕಾಯಿಸಬಾರದೆಂದು ಅವಳ ಮನಸ್ಸಿನಲ್ಲಿತ್ತಂತೆ. ಆಮೇಲೆ ಹೇಳಿದಳು.

ನೀಲತ್ತಿ ಎದ್ದಳು. ಮಂಡಿಯ ಪಟ್ಟಿ ಸರಿಮಾಡಿಕೊಂಡು ಹೆಂಗಸರ ನಡುವೆ ಹಾದು ಬಂದು ಅಕ್ಕನ ಮುಂದೆ ಕೂತಳು. ಅಕ್ಕನ ಬಲಗೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡು, ಮೊದಲ ಬಳೆಯನ್ನು ಅಡಕತ್ತರಿಯ ಬಾಯಿಗೆ ಕೊಟ್ಟು ಒತ್ತಿದಳು. ಟಕ್ ಎಂದಿತು.

ಹಾಡುವವರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಬಳೆ ಒಡೆಯುವುದು ಗಂಡ ಸತ್ತಾಗ. ಗಂಡ ಹೊರಗೆ ಅಂಗಳದಲ್ಲಿ ಗಂಡಸರ ಜೊತೆ ಚಹಾ ಕುಡಿಯುತ್ತಿದ್ದ.

"ಏನ್ ಮಾಡಾಕತ್ತೀರಿ ನೀವು!" ಬಸವ್ವ ಚೀರಿದರು. "ಕುಬಸದ ಬಳಿ ಒಡೀತಾರೇನ್ರಿ ಯಾರರ? ನನ್ನ ಮಗಾ ಕಲ್ಲಿನಂಗ ಅದಾನ!"

"ನಿಮ್ಮ ಮಗಾ ಗಟ್ಟಿ ಅದಾನ್ರಿ ಬೀಗರ, ನೂರು ವರ್ಷ ಇರ್ಲಿ. ನಿಮ್ಮ ಸೊಸಿ ಇರಬೇಕೋ ಬ್ಯಾಡೋ?" ಟಕ್. "ಸುಧಾ, ಮಹಾಂತೇಶಗ ಗಾಡಿ ತೆಗಿ ಅನ್ನು. ಇದು ಲೈಟ್ನಿಂಗ್ ಕಾಲ್."

ನಾನು ಓಡಿದೆ. ಭಾವ ಹೆಂಗಸರ ನಡುವೆ ಚಪ್ಪಲಿಯ ಕಾಲಲ್ಲೇ ಒಳಗೆ ಬಂದ. ಚೂರಾಗಿ ಬಿದ್ದ ಹಸಿರು ಗಾಜನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ಮಂಡಿಯೂರಿ ಕೂತು ಅಕ್ಕನ ಇನ್ನೊಂದು ಕೈಯನ್ನು ಅಲ್ಲಾಡದಂತೆ ಹಿಡಿದುಕೊಂಡ. "ನನ್ನ ಹೆಸರಿನ ಬಳಿ ಅತ್ತಿ. ನಾನs ಹಿಡೀತೇನಿ, ನೀವು ಒಡೀರಿ," ಎಂದ. ಬಸವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು.

ಬಳೆಗಳನ್ನು ಆಸ್ಪತ್ರೆಯಲ್ಲಿ ತೆಗೆಯಬಹುದಿತ್ತು. ನೀಲತ್ತಿಗೂ ಅದು ಗೊತ್ತಿತ್ತು. ಆದರೆ ಬಳೆ ಒಡೆದ ಮೇಲೆ ಆರತಿ ಎತ್ತುವಂತಿರಲಿಲ್ಲ, ಯಾರೂ ಯಾರನ್ನೂ ಕಾಯುವಂತಿರಲಿಲ್ಲ. ಪಡಸಾಲೆ ತುಂಬಿದ ಆ ಮಾತುಗಳನ್ನೆಲ್ಲ ಒಮ್ಮೆಗೇ ಕಡಿದು ಹಾಕುವ ಬೇರೆ ದಾರಿ ಅವಳಿಗೆ ಹೊಳೆಯಲಿಲ್ಲ.

ಅಕ್ಕನ ಡಾಕ್ಟರು ಹುಬ್ಬಳ್ಳಿಯವರು. ಭಾವ ಗಾಡಿ ಓಡಿಸಿದ, ನಾನು ಮುಂದೆ ಕೂತು ಹಿಂದಕ್ಕೆ ತಿರುಗಿದ್ದೆ. ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನೀಲತ್ತಿಯ ತೊಡೆಯ ಮೇಲಿತ್ತು. ಹೊರಟಾಗಿನಿಂದ ಅವಳು ಒಂದೇ ಮಾತು ಕೇಳುತ್ತಿದ್ದಳು, ಅದೇ ಆಫೀಸಿನ ದನಿಯಲ್ಲಿ.

"ಹಲೋ, ಶೈಲಾ. ಕೇಳಸ್ತೈತೇನು?"

"ಕೇಳಸ್ತೈತಿ ಅತ್ತಿ."

"ಹಲೋ."

"ಹ್ಞೂಂ ಅತ್ತಿ."

ನವನಗರ ದಾಟುವಾಗ ಉತ್ತರ ತಡವಾಗಿ ಬಂತು. ಉಣಕಲ್ ಕೆರೆಯ ಹತ್ತಿರ ಬರೀ ಉಸಿರು ಬಂತು. ನೀಲತ್ತಿ ಬಿಡಲಿಲ್ಲ. "ಹಲೋ, ಲೈನಿನ ಮ್ಯಾಗ ಇರು. ಹಲೋ. ಬಿಡಬ್ಯಾಡ, ಬಂತು, ಹಲೋ." ನಾನು ಇವತ್ತಿಗೂ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ, ಕೆರೆಯ ನೀರು ಕಾಣುತ್ತಲೇ ಕಿಟಕಿಯಿಂದ ಮುಖ ತಿರುಗಿಸಿಬಿಡುತ್ತೇನೆ. ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಮೇಲೆ ಮಲಗಿಸುತ್ತಿದ್ದಂತೆ ಅಕ್ಕನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡು ಮೈಯೆಲ್ಲ ಸೆಟೆದು ಅದುರತೊಡಗಿತು. ಒಳಗಿನವರು ಓಡಿಬಂದರು, ಕೂಡಲೇ ಆಪರೇಶನ್ ಮಾಡಿ ಮಗುವನ್ನು ತೆಗೆಯಬೇಕೆಂದರು. ಬಾಗಿಲು ಮುಚ್ಚಿತು. ಮುಚ್ಚಿದ ಬಾಗಿಲಿನ ಮುಂದೆ ನೀಲತ್ತಿ ನಿಂತೇ ಇದ್ದಳು, ಕಿವಿಯನ್ನು ಆ ಕಡೆ ಕೊಟ್ಟು. ಸೀರೆಯ ಮಡಿಕೆಗಳಲ್ಲಿ ಹಸಿರು ಗಾಜಿನ ಚೂರುಗಳಿದ್ದವು.

ಮೊದಲು ಕೇಳಿಸಿದ್ದು ಅವಳಿಗೇ. ನಮ್ಮ ಯಾರ ಕಿವಿಗೂ ಏನೂ ಬಿದ್ದಿರಲಿಲ್ಲ. "ಕೂಸು ಅಳಾಕತ್ತೈತಿ," ಎಂದಳು. ನಾವು ನಂಬಲಿಲ್ಲ. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು, ಹೆಣ್ಣು ಮಗು, ಬಹಳ ಸಣ್ಣದು, ಆದರೆ ಅಳುತ್ತಿದೆ ಎಂದಳು.

ಡಾಕ್ಟರು ಬಂದು ರಕ್ತದ ಒತ್ತಡ ಎಷ್ಟಿತ್ತೆಂದು ಹೇಳಿದರು. "ಇನ್ನೊಂದು ತಾಸು ತಡಾ ಆಗಿದ್ರ..." ಎಂದು ಶುರು ಮಾಡಿ, ನಮ್ಮ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಆ ಮುಗಿಯದ ಮಾತು ನನ್ನೊಳಗೆ ಉಳಿದುಬಿಟ್ಟಿದೆ. ಆ ಒಂದು ತಾಸಿನಲ್ಲಿ ನಮ್ಮ ಮನೆಯಲ್ಲಿ ಏನಾಗುತ್ತಿತ್ತೆಂದು ನನಗೆ ಗೊತ್ತು. ಉಳಿದವರು ಉಡಿ ತುಂಬುತ್ತಿದ್ದರು. ಆರತಿ ಆಗುತ್ತಿತ್ತು. ಅಕ್ಕನ ಎಲೆಗೆ ಹೋಳಿಗೆ ಬೀಳುತ್ತಿತ್ತು, ಅವಳು ನಗುತ್ತ ಒಂದು ತುತ್ತು ಮುರಿಯುತ್ತಿದ್ದಳು. ನಾವು ಫೋಟೊ ತೆಗೆಯುತ್ತಿದ್ದೆವು.

ಅಕ್ಕನಿಗೆ ಪೂರಾ ಎಚ್ಚರವಾಗಲು ಎರಡು ದಿನ ಹಿಡಿಯಿತು. ಒಬ್ಬರಿಗೇ ಒಳಗೆ ಬಿಡುತ್ತೇವೆ ಎಂದಾಗ ಅವ್ವ ನೀಲತ್ತಿಯನ್ನು ಮುಂದಕ್ಕೆ ದೂಡಿದಳು. ನಾನು ಗಾಜಿನ ಕಿಟಕಿಯಿಂದ ನೋಡುತ್ತಿದ್ದೆ. ಅಕ್ಕ ಒಣಗಿದ ತುಟಿ ಅಲ್ಲಾಡಿಸಿದಳು. ನೀಲತ್ತಿ ಬಗ್ಗಿ ಕೇಳಿಸಿಕೊಂಡಳು. ಆಮೇಲೆ ಹೊರಗೆ ಬಂದು, ಬೆಂಚಿನ ಮೇಲೆ ಕೂತು, ನಾನು ಎಂದೂ ನೋಡಿರದ ಹಾಗೆ ಮುಖ ಮುಚ್ಚಿಕೊಂಡು ಅತ್ತಳು. ಗಾಬರಿಯಿಂದ ಎಲ್ಲರೂ ಸುತ್ತಿಕೊಂಡೆವು.

"ಏನಂದಳು ಅತ್ತಿ? ಏನಂದಳು?"

"‘ಹಲೋ ಅತ್ತಿ, ಕೇಳಸಾಕತ್ತೈತಿ’ ಅಂದ್ಲು."

ಬಸವ್ವ ಅಷ್ಟೂ ದಿನ ಆಸ್ಪತ್ರೆಯ ಹೊರಗೆ ಕೂತೇ ಇದ್ದರು, ನೀಲತ್ತಿಯ ಹತ್ತಿರ ಬರಲಿಲ್ಲ. ಮಗು ಗಾಜಿನ ಪೆಟ್ಟಿಗೆಯಿಂದ ಹೊರಬಂದು, ತೂಕ ಹಿಡಿದು ಮನೆಗೆ ಬಂದ ಮೇಲೆ ತೊಟ್ಟಿಲ ಕಾರ್ಯ ಮಾಡಿದೆವು. ಅಟ್ಟದಿಂದ ಅಜ್ಜಿಯ ತೊಟ್ಟಿಲು ಇಳಿಯಿತು. ನೀಲತ್ತಿ ಮತ್ತೆ ಅಡುಗೆಮನೆಯ ಬಾಗಿಲ ಬಳಿ ಚಾಪೆ ಹಾಕುತ್ತಿದ್ದಳು. ಬಸವ್ವ ಎದ್ದು ಹೋಗಿ ಅವಳ ರಟ್ಟೆ ಹಿಡಿದರು.

"ಇಲ್ಲಿ ಬರ್ರಿ ನೀವು. ಮಣಿ ಮ್ಯಾಲೆ ಕೂಡ್ರಿ."

"ನಾ ಯಾಕ್ರಿ? ಮುತ್ತೈದೇರು ಇಷ್ಟು ಮಂದಿ ಅದಾರ."

"ಒಡದಾಕಿ ನೀವು. ಈಗ ತೊಡಸಾಕಿನೂ ನೀವs ಆಗಬೇಕು. ಹೂಂ ಅನ್ರಿ, ಮೂರು ಮಿನಿಟ ಆತು."

ಮನೆಯೆಲ್ಲ ನಕ್ಕಿತು. ನೀಲತ್ತಿ ಅಕ್ಕನ ಸಣ್ಣಗಾದ ಕೈಗಳಿಗೆ ಹೊಸ ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದಳು. ಪ್ರತಿ ಬಳೆಗೂ ಕೈ ಅಲ್ಲಾಡಿಸಿ ನೋಡು ಎನ್ನುತ್ತಿದ್ದಳು. ಮಗುವಿಗೆ ಅವಳ ಹೆಸರನ್ನೇ ಇಡೋಣ ಎಂದ ಭಾವ. "ಬ್ಯಾಡೋ ಮಾರಾಯಾ. ಅದು ಹಳೇ ನಂಬರ್, ಈಗ ಚಾಲ್ತಿಯೊಳಗ ಇಲ್ಲ," ಎಂದಳು ನೀಲತ್ತಿ. ಶಾಲೆಗೆ ಬೇರೆ ಹೆಸರು ಬೇಕಾದೀತೆಂದು ಏನೋ ಇಟ್ಟಿದ್ದಾರೆ. ಮನೆಯಲ್ಲಿ ಎಲ್ಲರೂ ಅವಳನ್ನು ಮಿಂಚು ಎನ್ನುತ್ತೇವೆ.

ಬಾಣಂತನ ಮಾಡಿದ್ದು ಮೂವರು ಮುದುಕಿಯರು ಸೇರಿ. ಅವ್ವ ಕೂತಲ್ಲಿಂದ ಹೇಳುವಳು, ಬಸವ್ವ ನೀರು ಹಾಕುವರು, ನೀಲತ್ತಿ ಮಗುವಿನ ಉಸಿರು ಕೇಳುತ್ತ ಪಕ್ಕದಲ್ಲಿ ಕೂರುವಳು. "ಈಗಿನ ಕಾಲದಾಗ ಬಾಣಂತಿ ಎದ್ದು ಓಡ್ಯಾಡತಾಳ, ಬಾಣಂತನ ಮಾಡಾಕ ಬಂದವರಿಗೆ ಕೈ ಹಿಡದು ಎಬ್ಬಿಸಬೇಕು," ಎಂದು ಅವಳೇ ನಗುವಳು.

ಕಳೆದ ಮಾಘದಲ್ಲಿ ಒಂದು ಮಧ್ಯಾಹ್ನ ನೀಲತ್ತಿ ಊಟ ಮಾಡಿ ಮಲಗಿದವಳು ಮತ್ತೆ ಏಳಲಿಲ್ಲ. ಕಮರಿಪೇಟೆಯ ಆ ಮಹಡಿಯ ಕೋಣೆಗಳಲ್ಲಿ ಈಗ ಬೇರೆ ಯಾರೋ ಇದ್ದಾರೆ.

ನಾನು ಕಡೆಯ ಸಲ ಅವಳನ್ನು ಕಂಡದ್ದು ಅದಕ್ಕೆ ಕೆಲವು ವಾರ ಮೊದಲು, ನಮ್ಮ ಧಾರವಾಡದ ಮನೆಯಲ್ಲೇ. ಪಡಸಾಲೆಯಲ್ಲಿ ಮಿಂಚು ಆಡುತ್ತಿದ್ದಳು. ನಡೆಯಲು ಕಲಿತು ಬಹಳ ದಿನವಾಗಿರಲಿಲ್ಲ. ಕೈಯಲ್ಲಿ ಎರಡೆರಡು ಪುಟ್ಟ ಬಳೆಗಳಿದ್ದವು. ನಾವಿಬ್ಬರೂ ಒಳಗಿನ ಕೋಣೆಯಲ್ಲಿದ್ದೆವು. ನಾನು ಅವತ್ತಿನ ಕಥೆಯನ್ನು ಮತ್ತೆ ತೆಗೆದಿದ್ದೆ. ಇದ್ದದ್ದನ್ನೇ ಹೇಳುತ್ತಿದ್ದೆ: ಹಾಡು ನಿಲ್ಲದಿದ್ದರೆ, ನೀನು ಅವತ್ತು ಬಾರದಿದ್ದರೆ, ಗಾಡಿ ಎಲ್ಲಾದರೂ ಸಿಕ್ಕಿಕೊಂಡಿದ್ದರೆ. ಆಮೇಲೆ ಯಾರಿಗೂ ಹೇಳಿರದ ಮಾತೂ ಹೊರಗೆ ಬಂತು. ನನಗೂ ಮೂವತ್ತೈದಾಗಿದೆ. ಬ್ಯಾಂಕಿನ ಒಬ್ಬ ಗೆಳೆಯ ಮದುವೆಯ ಮಾತೆತ್ತಿದ್ದಾನೆ, ಮನಸ್ಸೂ ಇದೆ, ಆದರೆ ಕಣ್ಣು ಮುಚ್ಚಿದರೆ ಆ ಸ್ಟ್ರೆಚರ್ ಕಾಣುತ್ತದೆ.

ಮಾತಿನ ನಡುವೆ ಹೊರಗಿನ ಬಳೆಯ ಸಪ್ಪಳ ನಿಂತಿತು. ನಾನು ಥಟ್ಟನೆ ಎದ್ದುಬಿಟ್ಟೆ. ನೀಲತ್ತಿ ನನ್ನ ಮುಂಗೈ ಹಿಡಿದಳು. ಕಣ್ಣು ಮುಚ್ಚಿ ಆ ಕಡೆಗೆ ಕಿವಿಗೊಟ್ಟಳು.

"ನಿದ್ದಿ ಹತ್ತೇತಿ ಕೂಸಿಗೆ. ಉಸಿರು ಕೇಳಸಾಕತ್ತೈತಿ. ಕೂಡು."

ನಾನು ಬಾಗಿಲಿನಿಂದ ಇಣುಕಿದೆ. ಚಾಪೆಯ ಮೇಲೆ, ಒಂದು ಕೈ ಚಾಚಿಕೊಂಡು, ಬಾಯಿ ತೆರೆದು ಮಲಗಿತ್ತು ಮಗು. ಬಂದು ಕೂತೆ.

"ಆಕಿಗೆ ಆದದ್ದು ನಿನಗೂ ಆಗಬೇಕಂತೇನಿಲ್ಲ," ಎಂದಳು ನೀಲತ್ತಿ. "ಹೆದರಿ ಲಗ್ನಾ ಆಗಬ್ಯಾಡ, ಹೆದರಿ ಬಿಡಬ್ಯಾಡ. ಮಕ್ಕಳು ಬೇಕೋ ಬ್ಯಾಡೋ, ಅದು ನಿಮ್ಮಿಬ್ಬರ ಮಾತು. ನಡುವ ಯಾರೂ ಬರೂದು ಬ್ಯಾಡ, ನಾನೂ ಬರಂಗಿಲ್ಲ. ಹ್ಞೂಂ, ಮುಂದ ಹೇಳು. ಹುಡುಗನ ದನಿ ಹೆಂಗೈತಿ?"

ಕಣ್ಣು ಒರೆಸಿಕೊಳ್ಳುತ್ತ ನಕ್ಕೆ. ಹೊರಗೆ ನೆರಳು ಅಂಗಳ ದಾಟಿತ್ತು. ನಾನು ಎಷ್ಟು ಹೊತ್ತಿನಿಂದ ಒಂದೇ ಸಮನೆ ಮಾತಾಡುತ್ತಿದ್ದೇನೆಂದು ಆಗ ಅರಿವಾಯಿತು.

"ಮೂರು ಮಿನಿಟ ಎಂದೋ ಆಗಿಹೋತಲ್ಲ ಅತ್ತಿ. ಕಟ್ ಮಾಡಲಿಲ್ಲ ನೀನು?"

ಅವಳು ಕಾಲು ನೀಡಿ ಗೋಡೆಗೆ ಒರಗಿಕೊಂಡಳು.

"ಇದು ಲೋಕಲ್ ಕಾಲ್ ಐತವಾ," ಎಂದಳು. "ಇದಕ್ಕ ಟೈಮಿಲ್ಲ. ಮಾತಾಡು."